ಮೇಣದ ಬತ್ತಿಯ ಮುಂದೆ ಕಮ್ಮಾರನ ಮಗ

ಮೈಕೆಲ್ ಫ್ಯಾರಡೆ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ನಿಯಮಗಳು. ಪ್ರೌಢಶಾಲೆಯವರಿಗೆ ವಿದ್ಯುತ್ಕಾಂತೀಯ ಪ್ರೇರಣೆ, ಪಿಯುಸಿಯವರಿಗೆ ವಿದ್ಯುದ್ವಿಭಜನೆ. ಪರೀಕ್ಷೆ ಮುಗಿದ ಮೇಲೆ ನಿಯಮ ಮರೆತುಹೋಗಿ ಹೆಸರೊಂದೇ ಉಳಿಯುತ್ತದೆ. ಮೋಟಾರು ಮತ್ತು ಡೈನಮೋಗಳ ಮೂಲತತ್ತ್ವವನ್ನು ಜಗತ್ತಿಗೆ ತೋರಿಸಿಕೊಟ್ಟ ಈ ವಿಜ್ಞಾನಿ 1827ರಿಂದ 1860ರವರೆಗಿನ ಅವಧಿಯಲ್ಲಿ 19 ಸಲ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ಉಪನ್ಯಾಸಮಾಲೆ ನಡೆಸಿಕೊಟ್ಟವನು ಎಂಬ ಸಂಗತಿ ನಮ್ಮಲ್ಲಿ ಹೆಚ್ಚು ಪ್ರಚಾರಕ್ಕೆ ಬಂದಿಲ್ಲ. ಬಳ್ಳಾರಿಯಲ್ಲಿ ವಿಜ್ಞಾನ ಶಿಕ್ಷಕನಾಗಿ ನಿವೃತ್ತನಾದ ಮೇಲೆ ನಾನು ಸಿರುಗುಪ್ಪ, ಕುರುಗೋಡು ಕಡೆಯ ಪ್ರಾಥಮಿಕ ಶಾಲೆಗಳಿಗೆ ಒಂದು ಬಟ್ಟೆಚೀಲ ಹಿಡಿದು ಹೋಗಿ ಬರುತ್ತೇನೆ. ಚೀಲದಲ್ಲಿರುವುದು ಮೇಣದ ಬತ್ತಿ, ಗಾಜಿನ ಲೋಟ, ಸುಣ್ಣದ ತಿಳಿನೀರು, ಒಂದು ಆಯಸ್ಕಾಂತ. ಇವುಗಳಲ್ಲಿ ಬಹುಪಾಲು ಫ್ಯಾರಡೆಯಿಂದ ಕಡ ತಂದದ್ದು. ಆ ಸಾಲದ ಲೆಕ್ಕವನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿದ್ದ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ತಂದೆ ಜೇಮ್ಸ್ ಉತ್ತರ ಇಂಗ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದ ಕಮ್ಮಾರ. ಕುಲುಮೆಯ ಕೆಲಸಕ್ಕೆ ಬೇಕಾದ ದೇಹಬಲ ಆತನಿಗಿರಲಿಲ್ಲ. ಮೇಲಿಂದ ಮೇಲೆ ಕಾಯಿಲೆ. ಧಾನ್ಯದ ಬೆಲೆ ಗಗನಕ್ಕೇರಿದ್ದ 1801ರ ಸುಮಾರಿನಲ್ಲಿ ಬಾಲಕ ಮೈಕೆಲ್‌ಗೆ ವಾರಕ್ಕೊಂದು ಬ್ರೆಡ್ಡು ಸಿಗುತ್ತಿತ್ತು. ಏಳು ದಿನಕ್ಕೂ ಅದನ್ನೇ ಹೊಂದಿಸಿಕೊಳ್ಳಬೇಕಾಗಿತ್ತು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸಣ್ಣಪುಟ್ಟ ಲೆಕ್ಕ ಇಷ್ಟೇ. ಮುಂದೆ ಜಗತ್ತೇ ಗೌರವಿಸಿದ ಈ ವಿಜ್ಞಾನಿಗೆ ಉನ್ನತ ಗಣಿತ ಕೊನೆಯವರೆಗೂ ಕೈಗೆಟುಕಲಿಲ್ಲ.

ಹದಿಮೂರನೆಯ ವಯಸ್ಸಿಗೆ ಅವನು ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಗೆ ಓಡಾಟದ ಹುಡುಗನಾಗಿ ಸೇರಿದ. ಮರುವರ್ಷ, 1805ರಲ್ಲಿ, ಅದೇ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬು ಕಲಿಯಲು ಏಳು ವರ್ಷಗಳ ಕರಾರು ಆಯಿತು. ಕಟ್ಟಲು ಬಂದ ಪುಸ್ತಕಗಳನ್ನು ಹುಡುಗ ಓದತೊಡಗಿದ. ವಿಶ್ವಕೋಶವೊಂದರಲ್ಲಿ ವಿದ್ಯುತ್ತಿನ ಬಗೆಗಿದ್ದ ಲೇಖನ, ಜೇನ್ ಮಾರ್ಸೆಟ್ ಎಂಬ ಮಹಿಳೆ ಸಾಮಾನ್ಯ ಓದುಗರಿಗಾಗಿ ಸಂಭಾಷಣೆಯ ರೂಪದಲ್ಲಿ ಬರೆದಿದ್ದ ರಸಾಯನಶಾಸ್ತ್ರದ ಪುಸ್ತಕ, ಈ ಎರಡೂ ಅವನನ್ನು ಹಿಡಿದು ನಿಲ್ಲಿಸಿದವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಓದಿದ್ದನ್ನು ಅವನು ಹಾಗೆಯೇ ನಂಬಲಿಲ್ಲ. ವಾರಕ್ಕೆ ಕೆಲವೇ ಪೆನ್ನಿಗಳನ್ನು ಉಳಿಸಿ ಸಣ್ಣಪುಟ್ಟ ಸಾಮಾನು ಕೊಂಡು, ಪುಸ್ತಕ ಹೇಳಿದ್ದು ನಿಜವೇ ಎಂದು ತನ್ನ ಕೈಯಿಂದ ಮಾಡಿ ನೋಡಿದ. ನಿಜವೆಂದು ಕಂಡಾಗ ಪುಸ್ತಕದ ಮೇಲೆ ಗೌರವ ಹುಟ್ಟಿತು. ಮಾರ್ಸೆಟ್ ಅವರನ್ನು ಅವನು ಕೀರ್ತಿಯ ಶಿಖರದಲ್ಲಿದ್ದಾಗಲೂ ಗುರುವೆಂದೇ ಸ್ಮರಿಸುತ್ತಿದ್ದ.

1810ರಿಂದ ಅವನು ಜಾನ್ ಟೇಟಮ್ ಎಂಬುವರ ಮನೆಯಲ್ಲಿ ನಡೆಯುತ್ತಿದ್ದ ವಿಜ್ಞಾನ ಉಪನ್ಯಾಸಗಳಿಗೆ ಹೋಗತೊಡಗಿದ. ಪ್ರವೇಶಕ್ಕೆ ಒಂದು ಷಿಲಿಂಗ್. ಅದನ್ನು ಕೊಡುತ್ತಿದ್ದವನು ತಂದೆಯ ಕಸುಬನ್ನೇ ಹಿಡಿದಿದ್ದ ಅಣ್ಣ ರಾಬರ್ಟ್. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ನಾಲ್ಕು ಉಪನ್ಯಾಸಗಳನ್ನು ಕೇಳಿದ ಹುಡುಗ ಅವುಗಳನ್ನು ಚಿತ್ರಸಹಿತ ವಿವರವಾಗಿ ಬರೆದು, ತಾನೇ ಅಂದವಾಗಿ ರಟ್ಟು ಕಟ್ಟಿ, ಡೇವಿಗೆ ಕಳುಹಿಸಿದ. ಕಲಿತ ಕಸುಬು ಕೈಬಿಡಲಿಲ್ಲ. 1813ರ ಮಾರ್ಚ್‌ನಲ್ಲಿ ಅವನು ಅಲ್ಲಿ ಪ್ರಯೋಗಾಲಯದ ಸಹಾಯಕನಾದ. ವಾರಕ್ಕೆ 25 ಷಿಲಿಂಗ್ ಸಂಬಳ, ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಕೋಣೆ, ಉರುವಲು ಮತ್ತು ಮೇಣದ ಬತ್ತಿ. ಅದೇ ವರ್ಷ ಡೇವಿ ದಂಪತಿಗಳೊಡನೆ ಯುರೋಪ್ ಪ್ರವಾಸ ಹೊರಟಾಗ ವಿಜ್ಞಾನ ಸಹಾಯಕನ ಕೆಲಸದೊಡನೆ ಆಳಿನ ಕೆಲಸವನ್ನೂ ಮಾಡಬೇಕಾಯಿತು. ಡೇವಿಯ ಪತ್ನಿ ಅವನನ್ನು ಸೇವಕನಂತೆಯೇ ಕಂಡಳು. ಆ ಪ್ರವಾಸದಲ್ಲಿಯೇ ಅವನು ಆಂಪಿಯರ್, ವೋಲ್ಟಾ ಮೊದಲಾದವರನ್ನು ಭೇಟಿಯಾದ. ಅಪಮಾನವನ್ನು ನುಂಗಿದ, ಕಲಿಕೆಯನ್ನು ಬಿಡಲಿಲ್ಲ.

ಕನ್ನಡಿಗರು ವಿಶೇಷವಾಗಿ ತಿಳಿಯಬೇಕಾದ ಅಧ್ಯಾಯವೊಂದು ಇದರ ನಂತರ ಬರುತ್ತದೆ. ಭಾರತದಿಂದ ಹೋಗಿದ್ದ ವೂಟ್ಜ್ ಎಂಬ ಉಕ್ಕಿನ ತುಂಡುಗಳು ಆ ಕಾಲದ ಇಂಗ್ಲೆಂಡಿನ ಲೋಹತಜ್ಞರನ್ನು ಬೆರಗುಗೊಳಿಸಿದ್ದವು. ಆ ಹೆಸರು ನಮ್ಮ ಉಕ್ಕು ಎಂಬ ಪದದಿಂದಲೇ ಬಂದಿರಬೇಕೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ದಕ್ಷಿಣ ಭಾರತದ ಕುಶಲಿಗಳು ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನೂ ಕಟ್ಟಿಗೆಯನ್ನೂ ಇಟ್ಟು, ಬಾಯಿ ಮುಚ್ಚಿ, ಕಾಯಿಸಿ ಅದನ್ನು ತಯಾರಿಸುತ್ತಿದ್ದರು. 1819ರಲ್ಲಿ ಫ್ಯಾರಡೆ ಈ ಉಕ್ಕಿನ ರಾಸಾಯನಿಕ ವಿಶ್ಲೇಷಣೆ ಮಾಡಿದ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ತಯಾರಿಸುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ, ಕಬ್ಬಿಣಕ್ಕೆ ಬೇರೆ ಬೇರೆ ಲೋಹಗಳನ್ನು ಬೆರೆಸಿ, 1822ರವರೆಗೂ ಪ್ರಯೋಗ ನಡೆಸಿದ. ಅಲ್ಯೂಮಿನಾದಂಥ ಪದಾರ್ಥಗಳ ಅಂಶವೇ ವೂಟ್ಜ್‌ನ ಗುಣಕ್ಕೆ ಕಾರಣವೆಂಬ ಅವನ ಊಹೆ ಮುಂದೆ ನಿಲ್ಲಲಿಲ್ಲ. ಇಂಗಾಲದ ಪ್ರಮಾಣ ಮತ್ತು ತಯಾರಿಕೆಯ ವಿಧಾನದಲ್ಲಿ ಗುಟ್ಟಿತ್ತು. ಆದರೂ ಲಂಡನ್ನಿನ ಕಮ್ಮಾರನ ಮಗನೊಬ್ಬ ನಮ್ಮ ಕಮ್ಮಾರರ ಕೈಚಳಕದ ಮುಂದೆ ವಿದ್ಯಾರ್ಥಿಯಾಗಿ ಕುಳಿತದ್ದು ಸಾಮಾನ್ಯ ಸಂಗತಿಯಲ್ಲ.

ಈ ಪ್ರಸಂಗ ನಮಗೊಂದು ಕನ್ನಡಿ. ನಮ್ಮ ಸಮಾಜದಲ್ಲಿ ಶತಮಾನಗಳ ಕಾಲ ಕೈಯಲ್ಲಿ ಪದಾರ್ಥ ಹಿಡಿದವನಿಗೆ ಪುಸ್ತಕ ಸಿಗಲಿಲ್ಲ. ಪುಸ್ತಕ ಹಿಡಿದವನು ಪದಾರ್ಥವನ್ನು ಮುಟ್ಟಲಿಲ್ಲ. ಕುಲುಮೆಯವನಿಗೆ ಬೆಂಕಿಯ ಬಣ್ಣ ನೋಡಿ ಹದ ಹೇಳುವುದು ಗೊತ್ತಿತ್ತು, ಅದನ್ನು ಬರೆದಿಡುವುದು ಗೊತ್ತಿರಲಿಲ್ಲ. ಫ್ಯಾರಡೆಯ ಬದುಕಿನಲ್ಲಿ ಈ ಎರಡು ಧಾರೆಗಳು ಕೂಡಿದವು. ಅವನು ಸಾಧಿಸಿದ್ದರ ಮೂಲ ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಆ ಸಾಧನೆಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ: 1821ರಲ್ಲಿ ವಿದ್ಯುತ್ ಹರಿಯುವ ತಂತಿಯನ್ನು ಆಯಸ್ಕಾಂತದ ಸುತ್ತ ತಿರುಗುವಂತೆ ಮಾಡಿದ, 1823ರಲ್ಲಿ ಕ್ಲೋರಿನ್ ಅನಿಲವನ್ನು ದ್ರವವಾಗಿಸಿದ, 1825ರಲ್ಲಿ ಬೆಂಜೀನ್ ಕಂಡುಹಿಡಿದ, 1831ರ ಆಗಸ್ಟ್ 29ರಂದು ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡ. 1845ರಲ್ಲಿ ಗಾಜು, ಮರ, ಮಾಂಸ, ಸೇಬಿನ ಹಣ್ಣು ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಪ್ರಬಲ ಆಯಸ್ಕಾಂತದ ಧ್ರುವಗಳ ನಡುವೆ ತೂಗುಹಾಕಿ, ಕಬ್ಬಿಣದಂಥ ಕೆಲವೇ ಲೋಹಗಳಿಗೆ ಮಾತ್ರ ಕಾಂತತ್ವವೆಂಬ ನಂಬಿಕೆಯನ್ನು ಅಳಿಸಿದ. ಬಾರದ ಗಣಿತದ ಜಾಗದಲ್ಲಿ ಅವನು ಕಬ್ಬಿಣದ ಅರಪುಡಿಯನ್ನು ಕಾಗದದ ಮೇಲೆ ಚೆಲ್ಲಿ ಬಲರೇಖೆಗಳನ್ನು ಕಣ್ಣಿಗೆ ಕಾಣಿಸಿದ. ಮುಂದೆ ಮ್ಯಾಕ್ಸ್‌ವೆಲ್ ಆ ರೇಖೆಗಳಿಗೆ ಸಮೀಕರಣದ ರೂಪ ಕೊಟ್ಟ.

ಇಷ್ಟೆಲ್ಲದರ ನಡುವೆ ಮಕ್ಕಳ ಉಪನ್ಯಾಸ. ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರಲ್ಲಿ ಆರಂಭವಾದ ಈ ಪರಿಪಾಠ ಎರಡನೆಯ ಮಹಾಯುದ್ಧದ ಕೆಲವು ವರ್ಷಗಳನ್ನು ಬಿಟ್ಟರೆ ಇಂದಿಗೂ ನಡೆದುಬಂದಿದೆ. ಫ್ಯಾರಡೆ ಹುಟ್ಟು ಮಾತುಗಾರನೇನಲ್ಲ. ಬೇರೆಯವರ ಉಪನ್ಯಾಸಗಳನ್ನು ಕೇಳುವಾಗ ಅವರು ಎಲ್ಲಿ ತಡವರಿಸಿದರು, ಸಭಿಕರು ಎಲ್ಲಿ ಆಕಳಿಸಿದರು ಎಂಬುದನ್ನು ಗುರುತಿಸಿಟ್ಟುಕೊಂಡ. ಮಾತಿನ ಶಿಕ್ಷಕರ ಬಳಿ ದುಡ್ಡು ಕೊಟ್ಟು ಪಾಠ ಹೇಳಿಸಿಕೊಂಡ. ಭಾಷಣದ ವೇಗ ಮಿತಿಮೀರದಿರಲೆಂದು, ನಿಧಾನ ಎಂದು ಬರೆದ ಚೀಟಿಯನ್ನು ತನ್ನೆದುರು ಇಡಿಸಿಕೊಳ್ಳುತ್ತಿದ್ದ.

1848ರಲ್ಲಿ ಒಮ್ಮೆ, 1860ರ ಕೊನೆಯಲ್ಲಿ ಮತ್ತೊಮ್ಮೆ ಅವನು ಆರಿಸಿಕೊಂಡ ವಿಷಯ ಮೇಣದ ಬತ್ತಿ. ಎರಡನೆಯ ಸಲ ಅವನಿಗೆ 69 ವರ್ಷ. ನೆನಪಿನ ಶಕ್ತಿ ಕುಂದುತ್ತಿತ್ತು. ಆರು ಉಪನ್ಯಾಸಗಳಲ್ಲಿ ಒಂದು ಬತ್ತಿಯನ್ನು ಹಚ್ಚಿಟ್ಟು ಅವನು ದ್ರವ್ಯದ ಜಗತ್ತನ್ನೇ ಬಿಚ್ಚಿಟ್ಟ. ಗಟ್ಟಿ ಮೇಣ ಕರಗುತ್ತದೆ. ಕರಗಿದ ಮೇಣ ಬತ್ತಿಯ ದಾರದಲ್ಲಿ ಮೇಲೇರುತ್ತದೆ. ಮೇಲೇರಿದ್ದು ಆವಿಯಾಗಿ ಉರಿಯುತ್ತದೆ. ಜ್ವಾಲೆಯ ನಡುವಿನ ಕಪ್ಪು ಭಾಗಕ್ಕೆ ಬಾಗಿದ ಗಾಜಿನ ಕೊಳವೆ ಇಟ್ಟು, ಅದರ ಇನ್ನೊಂದು ತುದಿಯಿಂದ ಹೊರಬಂದ ಆವಿಗೆ ಬೆಂಕಿ ಹಚ್ಚಿ ತೋರಿಸಿದ. ಉರಿಯಿಂದ ನೀರು ಹುಟ್ಟುವುದನ್ನು, ಸುಣ್ಣದ ತಿಳಿನೀರನ್ನು ಹಾಲಿನಂತಾಗಿಸುವ ಅನಿಲ ಹುಟ್ಟುವುದನ್ನು ತೋರಿಸಿದ. ಕಡೆಯ ಉಪನ್ಯಾಸದಲ್ಲಿ, ನಮ್ಮ ಉಸಿರಾಟವೂ ಒಂದು ಬಗೆಯ ನಿಧಾನವಾದ ಉರಿಯೇ ಎಂದು ನಿರೂಪಿಸಿದ. ವಿಲಿಯಂ ಕ್ರೂಕ್ಸ್ ಸಂಪಾದಿಸಿ 1861ರಲ್ಲಿ ಹೊರತಂದ ಈ ಉಪನ್ಯಾಸಗಳ ಪುಸ್ತಕ ಇಂದಿಗೂ ಮುದ್ರಣದಲ್ಲಿದೆ. ಲಿಥಿಯಂ ಅಯಾನ್ ಬ್ಯಾಟರಿಗಾಗಿ 2019ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ಜಪಾನಿನ ಅಕಿರಾ ಯೋಶಿನೊ, ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಓದಲು ಹೇಳಿದ ಈ ಪುಸ್ತಕದಿಂದಲೇ ತಮಗೆ ರಸಾಯನಶಾಸ್ತ್ರದ ರುಚಿ ಹತ್ತಿತೆಂದು ನೆನೆದಿದ್ದಾರೆ.

ಲಂಡನ್ನಿನ ಆ ಬತ್ತಿಯನ್ನು ನಮ್ಮ ಜಿಲ್ಲೆಯಲ್ಲಿ ಹಚ್ಚಿದಾಗ ಏನಾಗುತ್ತದೆ? ಸಿರುಗುಪ್ಪ ತುಂಗಭದ್ರೆಯ ನೀರುಂಡ ಭತ್ತದ ನಾಡು. ಅಲ್ಲಿನ ಮಕ್ಕಳಿಗೆ ಅಕ್ಕಿ ಗಿರಣಿಯ ಹೊಟ್ಟು, ಅದು ಸುಟ್ಟ ಬೂದಿ ಎರಡೂ ಚಿರಪರಿಚಿತ. ಹೊಟ್ಟನ್ನು ಸುಟ್ಟರೆ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಬೂದಿ ಉಳಿಯುತ್ತದೆ; ಅದರಲ್ಲಿ ಬಹುಪಾಲು ಮರಳಿನಲ್ಲಿರುವ ಸಿಲಿಕಾ. ಹಾಗಾದರೆ ಇಡೀ ಮೇಣದ ಬತ್ತಿ ಉರಿದುಹೋದ ಮೇಲೆ ಬೂದಿ ಏಕಿಲ್ಲ, ಮೇಣ ಎಲ್ಲಿಗೆ ಹೋಯಿತು ಎಂದು ಕೇಳುತ್ತೇನೆ. ಕರಗಿ ಹೋಯಿತು, ಗಾಳಿಗೆ ಹೋಯಿತು, ದೇವರಿಗೆ ಹೋಯಿತು ಎಂದು ಉತ್ತರಗಳು ಬರುತ್ತವೆ. ಒಣಗಿದ ಗಾಜಿನ ಲೋಟವನ್ನು ಜ್ವಾಲೆಯ ಮೇಲೆ ಬೋರಲು ಹಿಡಿದರೆ ಒಳಮೈಗೆ ಮಂಜು ಕಟ್ಟುತ್ತದೆ. ಬೆರಳಿಟ್ಟು ಸವರಿದ ಮಕ್ಕಳು ಬೆಂಕಿಯಿಂದ ನೀರು ಬಂತೆಂದು ಕೂಗುತ್ತಾರೆ. 14 ಗ್ರಾಂ ಮೇಣ ಪೂರ್ತಿ ಉರಿದರೆ ಸುಮಾರು 18 ಗ್ರಾಂ ನೀರು, 44 ಗ್ರಾಂ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತವೆ. ಹೆಚ್ಚಿನ ತೂಕ ಗಾಳಿಯ ಆಮ್ಲಜನಕದ್ದು. ಈ ಲೆಕ್ಕ ಚಿಕ್ಕ ಮಕ್ಕಳಿಗೆ ಬೇಕಿಲ್ಲ. ಕಾಣದಾದದ್ದು ಇಲ್ಲವಾಗಲಿಲ್ಲ ಎಂಬಷ್ಟು ತಿಳಿದರೆ ಸಾಕು.

ಬತ್ತಿಯನ್ನು ಊದಿ ಆರಿಸಿ, ಏಳುವ ಬಿಳಿ ಹೊಗೆಗೆ ಬೆಂಕಿಕಡ್ಡಿ ತೋರಿಸಿದರೆ ಜ್ವಾಲೆ ಹೊಗೆಯ ಎಳೆ ಹಿಡಿದು ಕೆಳಗಿಳಿದು ಮತ್ತೆ ಬತ್ತಿಯನ್ನು ಹೊತ್ತಿಸುತ್ತದೆ. ಈ ಒಂದು ನೋಟಕ್ಕೆ ಇಡೀ ತರಗತಿ ಬೆಂಚು ಬಿಟ್ಟು ಎದ್ದು ಬರುತ್ತದೆ. ಹೊಗೆಯಲ್ಲಿರುವುದು ಮೇಣವೇ ಎಂದು ಆಮೇಲೆ ಹೇಳಬೇಕಾಗಿಯೇ ಇಲ್ಲ.

ಒಂದೇ ಬೃಹತ್ ಶಿಲೆಯಲ್ಲಿ ಕಡೆದ ದೊಡ್ಡಬಸವೇಶ್ವರನಿಗೆ ಹೆಸರಾದ ಕುರುಗೋಡಿನಲ್ಲಿ ನಾನು ಸುಣ್ಣದ ಪ್ರಯೋಗ ಮಾಡುತ್ತೇನೆ. ಅಜ್ಜಿಯ ಎಲೆಅಡಿಕೆ ಸಂಚಿಯಿಂದ ಮಕ್ಕಳು ತಂದ ಸುಣ್ಣವನ್ನು ನೀರಿನಲ್ಲಿ ಕದಡಿ ರಾತ್ರಿಯಿಡೀ ಬಿಟ್ಟರೆ ಮೇಲೆ ತಿಳಿನೀರು ನಿಲ್ಲುತ್ತದೆ. ಅದನ್ನು ಎರಡು ಬಾಟಲಿಗಳಿಗೆ ಸುರಿದು, ಒಂದಕ್ಕೆ ಬತ್ತಿ ಉರಿದ ಗಾಳಿಯನ್ನು ಸೇರಿಸಿ ಕುಲುಕುತ್ತೇನೆ. ಇನ್ನೊಂದಕ್ಕೆ ಮಗುವೊಂದು ಕೊಳವೆಯಲ್ಲಿ ಉಸಿರು ಊದುತ್ತದೆ. ಎರಡೂ ಬೆಳ್ಳಗಾಗುತ್ತವೆ. ಹಳೆಯ ಕಟ್ಟಡಗಳ ಗಾರೆ ಗಾಳಿ ಕುಡಿದು ಕಲ್ಲಾಗುವುದೂ ಇದೇ ಕ್ರಿಯೆಯಿಂದ. ಸುಣ್ಣದ ನೀರು ಬಾಯಿಗೆ, ಕಣ್ಣಿಗೆ ಹೋಗದಂತೆ ದೊಡ್ಡವರು ಪಕ್ಕದಲ್ಲಿರಬೇಕು. ಬೆಂಕಿಯ ಹತ್ತಿರವಂತೂ ಇರಲೇಬೇಕು. ಅಷ್ಟು ಎಚ್ಚರಿಕೆ ಸಾಕು.

ಇನ್ನು ಬಳ್ಳಾರಿ ನಗರ. ಸಂಡೂರಿನ ಅದಿರಿನ ಕೆಂಪು ಧೂಳು ಇಲ್ಲಿಯವರಿಗೆ ಹೊಸದಲ್ಲ. ಅದು ಕಬ್ಬಿಣವೆಂದು ಮಕ್ಕಳಿಗೂ ಗೊತ್ತು. ಆದ್ದರಿಂದ ಆಯಸ್ಕಾಂತಕ್ಕೆ ಅಂಟುತ್ತದೆಂದು ಅವರು ಪಂತ ಕಟ್ಟುತ್ತಾರೆ. ಆಯಸ್ಕಾಂತವನ್ನು ಹತ್ತಿರ ಒಯ್ದರೆ ಲೇತ್ ಅಂಗಡಿಯ ಕಬ್ಬಿಣದ ಪುಡಿ ಜಿಗಿದು ಹಿಡಿಯುತ್ತದೆ, ಕೆಂಪು ಅದಿರಿನ ಪುಡಿ ಬಹುಪಾಲು ಕದಲುವುದೇ ಇಲ್ಲ. ಹೆಮಟೈಟ್ ಅದಿರಿನಲ್ಲಿ ಕಬ್ಬಿಣ ಆಮ್ಲಜನಕದೊಡನೆ ಬೆಸೆದುಕೊಂಡು ಬೇರೊಂದೇ ಪದಾರ್ಥವಾಗಿದೆ. ಅದರ ಕಾಂತತ್ವ ಬಲು ದುರ್ಬಲ. ಮಿಶ್ರಣಕ್ಕೂ ಸಂಯುಕ್ತಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಪಾಠ ನನಗೆ ಗೊತ್ತಿಲ್ಲ. ಪಂತ ಸೋತ ಹುಡುಗ ಅದನ್ನು ಬೇಗ ಮರೆಯಲಾರ.

ದ್ರವ್ಯ ಎಂದರೇನು ಎಂದು ಕೇಳಿದರೆ ನಮ್ಮ ಮಕ್ಕಳು ತೂಕವಿದ್ದು ಸ್ಥಳವನ್ನು ಆಕ್ರಮಿಸುವಂಥದ್ದು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಕಲ್ಲು ದ್ರವ್ಯವೇ ಎಂದು ಕೇಳಿದರೆ ಅನುಮಾನಿಸುತ್ತಾರೆ. ದ್ರವ್ಯ ಮತ್ತು ದ್ರವ ಎಂಬ ಎರಡು ಪದಗಳು ಅವರ ಕಿವಿಯಲ್ಲಿ ಒಂದೇ ಆಗಿರುತ್ತವೆ. ತಪ್ಪು ಮಗುವಿನದಲ್ಲ. ಪದವನ್ನು ಕೊಟ್ಟೆವು, ಪದಾರ್ಥವನ್ನು ಕೊಡಲಿಲ್ಲ. ವಿಜ್ಞಾನದ ಕಿಟ್ಟು ಪೆಟ್ಟಿಗೆಯಲ್ಲಿಯೇ ಉಳಿದು, ಒಡೆದರೆ ಲೆಕ್ಕ ಕೊಡಬೇಕೆಂಬ ಭಯಕ್ಕೆ ಬೀಗ ಹಾಕಿಸಿಕೊಂಡಿರುವುದನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿದ್ದೇನೆ. ಕಂಠಪಾಠದಿಂದ ಕಲಿಕೆಯನ್ನು ಬಿಡಿಸಿ ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2020ರ ಶಿಕ್ಷಣ ನೀತಿಯೂ ಅನುಭವದ ಕಲಿಕೆಯ ಮಾತಾಡಿದೆ. ಪಠ್ಯ ಮುಗಿಸುವ ಅವಸರ, ಮಾಹಿತಿ ತುಂಬುವ ಕೆಲಸಗಳ ನಡುವೆ ಶಿಕ್ಷಕರಿಗೆ ಬಿಡುವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದು ಬತ್ತಿಯ ಪ್ರಯೋಗಕ್ಕೆ ಬೇಕಾದದ್ದು ಒಂದು ಪಿರಿಯಡ್ಡು. ಅದು ಉಳಿಸುವ ವಿವರಣೆಯ ಹೊತ್ತು ಅದಕ್ಕಿಂತ ದೊಡ್ಡದು.

ಕೈಯಾರೆ ಮಾಡಿ ನೋಡುವ ಅಭ್ಯಾಸ ಅಂಕಗಳಿಗಷ್ಟೇ ಸಂಬಂಧಿಸಿದ್ದಲ್ಲ. 1853ರಲ್ಲಿ ಲಂಡನ್ನಿನ ವಿದ್ಯಾವಂತರು ಮೇಜಿನ ಸುತ್ತ ಕುಳಿತು, ಪ್ರೇತಶಕ್ತಿಯಿಂದ ಅದು ತಾನಾಗಿ ಚಲಿಸುತ್ತದೆಂದು ನಂಬುತ್ತಿದ್ದರು. ಫ್ಯಾರಡೆ ಒಂದು ಸರಳ ಸಾಧನ ರಚಿಸಿ, ಕುಳಿತವರ ಕೈಗಳೇ ಅವರಿಗರಿವಿಲ್ಲದಂತೆ ಮೇಜನ್ನು ನೂಕುತ್ತಿವೆ ಎಂದು ತೋರಿಸಿದ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಅವರ ಹಿಂದಿದ್ದದ್ದೂ ಇದೇ ಪರಂಪರೆ. ಲೋಟದ ಮಂಜನ್ನು ಬೆರಳಿನಿಂದ ಸವರಿ ನೋಡಿದ ಮಗು ನಾಳೆ ಯಾರೋ ಹೇಳಿದರೆಂದು ಎಲ್ಲವನ್ನೂ ನಂಬುವುದಿಲ್ಲ.

ಫ್ಯಾರಡೆ ಸರ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಒಲ್ಲೆನೆಂದ. ಮಕ್ಕಳ ಉಪನ್ಯಾಸವನ್ನು ಮಾತ್ರ ದೇಹ, ಬುದ್ಧಿ ಸಹಕರಿಸುವವರೆಗೂ ಬಿಡಲಿಲ್ಲ. 1862ರಲ್ಲಿ ಶಾಲಾ ಶಿಕ್ಷಣವನ್ನು ಕುರಿತ ಆಯೋಗದ ಮುಂದೆ ಹಾಜರಾಗಿ, ಪ್ರಕೃತಿಯ ಅರಿವಿಗೆ ಶಾಲೆಯಲ್ಲಿ ಜಾಗವಿಲ್ಲದಿರುವುದು ತನಗೆ ಅಚ್ಚರಿ ತಂದಿದೆಯೆಂದೂ ಸರಳವಾಗಿ ತೋರಿಸಿದರೆ ಪ್ರಯೋಗವೊಂದರ ಮರ್ಮ ತಿಳಿಯದ ಹುಡುಗನನ್ನು ತಾನು ಕಂಡಿಲ್ಲವೆಂದೂ ಹೇಳಿದ. 1867ರ ಆಗಸ್ಟ್ 25ರಂದು, ರಾಣಿ ವಿಕ್ಟೋರಿಯಾ ವಾಸಕ್ಕೆಂದು ಬಿಟ್ಟುಕೊಟ್ಟಿದ್ದ ಹ್ಯಾಂಪ್ಟನ್ ಕೋರ್ಟ್‌ನ ಮನೆಯಲ್ಲಿ ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡ. ಹೈಗೇಟ್‌ನಲ್ಲಿರುವ ಅವನ ಸಮಾಧಿಯ ಕಲ್ಲಿನ ಮೇಲೆ ಹೆಸರು ಮತ್ತು ಹುಟ್ಟು ಸಾವಿನ ದಿನಾಂಕಗಳಷ್ಟೇ ಇವೆ.

ಒಂದು ಕೊರತೆಯನ್ನು ಮಾತ್ರ ಮರೆಯುವಂತಿಲ್ಲ. ಆ ಉಪನ್ಯಾಸ ಮಂದಿರದ ಮುಂದಿನ ಸಾಲಿನಲ್ಲಿ ಕುಳಿತವರು ಬಹುಮಟ್ಟಿಗೆ ಉಳ್ಳವರ ಮಕ್ಕಳು; ಒಂದು ವರ್ಷ ರಾಜಕುಮಾರರೂ ಬಂದಿದ್ದರು. ವಾರವಿಡೀ ಒಂದೇ ಬ್ರೆಡ್ಡಿನಲ್ಲಿ ದಿನ ದೂಡಿದ ಹುಡುಗನಂಥವರಿಗೆ ಅಲ್ಲಿ ಜಾಗ ಸಿಗುವುದು ಕಷ್ಟವಿತ್ತು. ಆ ಬಾಕಿಯನ್ನು ತೀರಿಸಲು ಇಂದು ನಮಗೆ ಅವಕಾಶವಿದೆ. ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಮಾಡುವವರ, ಕುರುಗೋಡಿನ ಬಂಡೆ ಒಡೆಯುವವರ, ಬಳ್ಳಾರಿಯ ಜೀನ್ಸ್ ಹೊಲಿಯುವವರ ಮಕ್ಕಳ ಕೈಗೆ ಪದಾರ್ಥ ಹೇಗೂ ಸಿಕ್ಕಿದೆ. ಅದರ ಜೊತೆಗೆ ಪ್ರಶ್ನೆಯೂ ಸಿಗುವಂತೆ ಮಾಡುವುದು ಶಾಲೆಯ ಕೆಲಸ. ಅದಕ್ಕೆ ಬೇಕಾದ ಬಂಡವಾಳ ಐದು ರೂಪಾಯಿಯ ಒಂದು ಮೇಣದ ಬತ್ತಿ, ಮತ್ತು ಅದನ್ನು ಹಚ್ಚುವ ಮನಸ್ಸುಳ್ಳ ಒಬ್ಬ ಶಿಕ್ಷಕ.